ಹತ್ತು ಜನರ ಊಟ

ವಾರ್ಡಿನ ಬಾಗಿಲಲ್ಲೇ ಸುಹೈಬ್ ನಮ್ಮನ್ನು ತಡೆದು ನಿಲ್ಲಿಸಿದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಕಾರಿನ ಕೀ.

"ನೋಡಿ ತಂಗೀರಾ, ಕಿಟಕಿ ಪಕ್ಕದ ಮಂಚದಲ್ಲಿರೋದು ನಮ್ಮಮ್ಮ. ಅವರಿಗೆ ಹೊಟ್ಟೇಲಿ ಹುಣ್ಣು. ಬರೀ ಹುಣ್ಣು. ಬೇರೆ ಮಾತು ಯಾರ ಬಾಯಿಂದಾದ್ರೂ ಬಂತೋ, ನಾನು ಸುಮ್ನಿರೋನಲ್ಲ."

ಗೆಳತಿ ಲುಬ್ನಾ ತಲೆಯಾಡಿಸಿದಳು. ನಾನೂ ಆಡಿಸಿದೆ. ಇರ್ಬಿದ್‌ನಲ್ಲಿ ಇದು ಹೊಸದೇನಲ್ಲ. ಆ ಕಾಯಿಲೆಯ ಹೆಸರನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಅದು' ಎನ್ನುತ್ತಾರೆ, ಹಿಂದೆಯೇ 'ದೂರ ಇರಲಿ' ಎಂದು ಸೇರಿಸುತ್ತಾರೆ. ವೈದ್ಯರು ಮನೆಯವರನ್ನು ಹೊರಗೆ ಕರೆದು ತಿಳಿಸುತ್ತಾರೆ. ಮನೆಯವರು ಒಳಗೆ ಬಂದು ಹುಣ್ಣು ಎನ್ನುತ್ತಾರೆ, ಕಲ್ಲು ಎನ್ನುತ್ತಾರೆ. ಮರುದಿನದಿಂದ ವೈದ್ಯರೂ ಹಾಗೆಯೇ ಎನ್ನುತ್ತಾರೆ.

ನಾವು ನರ್ಸಿಂಗ್ ನಾಲ್ಕನೇ ವರ್ಷದವರು, ಆರು ಜನರ ಗುಂಪು. ಆಲಿವ್ ಕೊಯ್ಲಿನ ಕಾಲದಲ್ಲಿ ನಮ್ಮನ್ನು ಆ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ತರಬೇತಿಗೆ ಹಾಕಿದ್ದರು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಮಿಸ್ ಇಬ್ತಿಹಾಲ್. ಅವರ ಶೂ ಸದ್ದು ಮಾಡುತ್ತಿರಲಿಲ್ಲ. ಸೂಜಿ ಹಿಡಿದು ಬಗ್ಗಿದಾಗ ಬೆನ್ನ ಹಿಂದೆ ಸಾಬೂನಿನ ವಾಸನೆ ಬಂದರೆ ಅವರು ನಿಂತಿದ್ದಾರೆ ಎಂದು ಅರ್ಥ. "ಯಾವ ಔಷಧ? ಎಷ್ಟು? ಯಾಕೆ?" ಮೂರೇ ಪ್ರಶ್ನೆ. ತಡವರಿಸಿದರೆ ಏನೂ ಹೇಳುತ್ತಿರಲಿಲ್ಲ, ಪೆನ್ನು ತೆಗೆಯುತ್ತಿದ್ದರು. ಮೊದಲ ದಿನವೇ ಒಂದು ಮಾತು ಹೇಳಿದ್ದರು: ರೋಗಿಯ ಮನೆಯವರಿಂದ ದೂರು ಬಂದರೆ ತರಬೇತಿ ಅಲ್ಲಿಗೆ ಮುಗಿಯಿತು, ವರ್ಷವೂ ಹೋಯಿತು.

ಲುಬ್ನಾ ದಿನಾ ಬೆಳಿಗ್ಗೆ ಆಸ್ಪತ್ರೆಯ ಶೌಚಾಲಯದಲ್ಲಿ ವಾಂತಿ ಮಾಡುತ್ತಿದ್ದಳು. ಮುಖ ತೊಳೆದು, ಒಂದು ಪುದೀನ ಗುಳಿಗೆ ಬಾಯಿಗೆ ಹಾಕಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡು ವಾರ್ಡಿಗೆ ಬರುತ್ತಿದ್ದಳು. ಗುಂಪಿನಲ್ಲಿ ಒಬ್ಬಳಿಗೆ ಕೂದಲು ಉದುರುತ್ತಿತ್ತು. ಇನ್ನೊಬ್ಬಳು ನಿದ್ದೆಯಲ್ಲಿ ಔಷಧದ ಹೆಸರು ಒದರುತ್ತಿದ್ದಳು. ನನಗೆ ಇದ್ಯಾವುದೂ ಆಗುತ್ತಿರಲಿಲ್ಲ. ಬೆರಳು ತಣ್ಣಗಾಗುತ್ತಿದ್ದವು, ಅಷ್ಟೆ.

"ನೀನು ಕಲ್ಲು ಕಣೇ ತಹಾನಿ," ಎನ್ನುತ್ತಿದ್ದಳು ಲುಬ್ನಾ. "ನಿನಗೇನು ಭಯ!"

ನನಗಿದ್ದ ಭಯ ಒಂದೇ. ಗಂಡ ಐಹಮ್ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಅಜ್ಲೂನಿನ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹಿಂದಿನ ಕೋಣೆ ನನ್ನದು. ಕಿಟಕಿ ಗೋಡೆಗೆ ತೆರೆಯುತ್ತದೆ. ಬಿಟ್ಟಿದ್ದ ಓದು ಮುಗಿಸುತ್ತೇನೆ ಎಂದು ಬೇಡಿಕೊಂಡಾಗ ಅಪ್ಪ, "ಇದೊಂದು ವರ್ಷ. ಪಾಸಾದ್ರೆ ಕೆಲಸಕ್ಕೆ ಹೋಗು. ಇಲ್ಲಾಂದ್ರೆ ಮನೇಗೆ ಬಾ. ಆಮೇಲೆ ನನ್ನ ಕೇಳ್ಬೇಡ," ಎಂದಿದ್ದರು. ಅಪ್ಪ ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

ಸುಹೈಬನ ತಾಯಿಯನ್ನು ಎಲ್ಲರೂ ಇಲ್ಲಿನ ರೂಢಿಯಂತೆ ಮಗನ ಹೆಸರಿನಿಂದಲೇ ಉಮ್ ಸುಹೈಬ್ ಎನ್ನುತ್ತಿದ್ದರು. ಮಿಸ್ ಇಬ್ತಿಹಾಲ್ ಅವಳನ್ನು ನನಗೆ ವಹಿಸಿದರು. ಪಕ್ಕದ ಮಂಚ ಲುಬ್ನಾಳದು.

ಮೊದಲ ದಿನ ನಾಡಿ ಹಿಡಿದಾಗ ಮುದುಕಿ ಕೈ ಎಳೆದುಕೊಂಡಳು.

"ಯಪ್ಪಾ! ಏನು ಕೈಯೇ ಇದು? ಹೆಣ ತೊಳೆಯೋಳ ಕೈ ಇದ್ದಂಗಿದೆ."

"ಕ್ಷಮಿಸಿ ಖಾಲಾ," ಎಂದೆ, ಚಿಕ್ಕಮ್ಮನಿಗೆ ಹೇಳುವ ಹಾಗೆ.

"ಕ್ಷಮಿಸೋದೇನು, ಉಜ್ಕೋ. ಹೀಗೆ. ಬಿಸಿ ಆಯ್ತಾ? ಈಗ ಹಿಡಿ."

ಅವಳಿಗೆ ಮಾತು ಬೇಕಿತ್ತು. ನನಗೆ ಬೇಕಿರಲಿಲ್ಲ, ಆದರೆ ರೋಗಿಯೊಂದಿಗೆ ಮಾತಾಡಿದ್ದಕ್ಕೂ ಅಂಕ ಇತ್ತು. ಹೀಗಾಗಿ ಅವಳ ಮನೆಯ ಕಥೆಯೆಲ್ಲ ಕೇಳಿದೆ. ಮೂರು ಮಹಡಿಯ ಮನೆ. ನಡುವಿನದು ಅವಳದು, ಮೇಲಿನದು ಅವಳ ವಾರಗಿತ್ತಿ ಉಮ್ ರಶೀದಳದು.

"ನೀರು ಬರೋದು ವಾರಕ್ಕೊಂದ್ಸಲ. ತಾರಸಿ ಮೇಲೆ ಎರಡು ಟ್ಯಾಂಕು. ಅವಳು ಏನ್ಮಾಡಿದ್ಲು ಗೊತ್ತಾ? ನನ್ನ ಪೈಪಿಗೆ ತನ್ನ ಪೈಪು ಸೇರಿಸ್ಬಿಟ್ಲು."

"ನಿಜವಾಗ್ಲೂ?"

"ಸೇರಿಸಿದ್ಲೋ ಇಲ್ವೋ ದೇವರಿಗೇ ಗೊತ್ತು. ನಾನಂತೂ ಹಾಗಂದೆ. ಇಡೀ ಬೀದಿಗೆ ಕೇಳೋ ಹಾಗೆ ಅಂದೆ. ಅವಳು ಮೆಟ್ಟಿಲ ಮೇಲೆ ನಿಂತು ದೇವರ ಮೇಲೆ ಆಣೆ ಇಟ್ಲು, ನಿನ್ನ ಹೆಣ ತೊಳೆಯೋ ದಿನದವರೆಗೂ ನಿನ್ನ ಮುಖ ನೋಡಲ್ಲ ಅಂತ. ಅವತ್ತಿಂದ ಒಂದೇ ಮೆಟ್ಟಿಲು ಹತ್ತಿ ಇಳೀತೀವಿ, ಮುಖ ಮಾತ್ರ ಗೋಡೆ ಕಡೆ. ಎಷ್ಟೋ ವರ್ಷ ಆಯ್ತು."

"ಆಣೆ ಬಿಡಿಸ್ಕೋಬಹುದಲ್ಲ ಖಾಲಾ?"

"ಬಿಡಿಸ್ಕೋಬಹುದು. ಹತ್ತು ಜನ ಬಡವರಿಗೆ ಊಟ ಹಾಕ್ಬೇಕು. ಅವಳಾ?" ಉಮ್ ಸುಹೈಬ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಹಾಕ್ಕೆ ಪುದೀನ ಎಲೆ ಎಣಿಸಿ ಹಾಕೋಳು! ಹತ್ತು ಜನಕ್ಕಂತೆ! ಅಷ್ಟು ಖರ್ಚು ಮಾಡೋ ಬದಲು ಗೋಡೆ ನೋಡ್ಕೊಂಡೇ ಇರ್ತಾಳೆ ಬಿಡು."

ನಾನು ರಕ್ತದೊತ್ತಡ ಬರೆದುಕೊಳ್ಳುತ್ತ, "ಟ್ಯಾಂಕಿನ ವಾಲ್ವು ನೋಡಿದ್ರೆ ಗೊತ್ತಾಗುತ್ತೆ, ಪೈಪು ಸೇರಿಸಿದಾರೋ ಇಲ್ವೋ ಅಂತ," ಎಂದೆ.

"ನಿನಗೆ ಅದೆಲ್ಲ ಹೇಗೆ ಗೊತ್ತು?"

"ನನ್ನ ಗಂಡ ತಾರಸಿಗೆ ಕರ್ಕೊಂಡು ಹೋಗಿ ಹೇಳ್ಕೊಟ್ಟಿದ್ರು."

"ಗಂಡಸಿರೋ ಮನೇಲಿ ಹೆಂಗಸಿಗ್ಯಾಕೆ ಆ ಕೆಲಸ?" ಎಂದಳು. ನಾನು ರಕ್ತದೊತ್ತಡದ ಪಟ್ಟಿ ಬಿಚ್ಚಿದೆ. ಅವಳು ನನ್ನ ಕೈ ನೋಡಿದಳು. ಉಂಗುರ ಬಲಗೈಯಲ್ಲೂ ಇರಲಿಲ್ಲ, ಎಡಗೈಯಲ್ಲೂ ಇರಲಿಲ್ಲ. ಮತ್ತೆ ಕೇಳಲಿಲ್ಲ.

ಗುರುವಾರ ಮಧ್ಯಾಹ್ನ, ಭೇಟಿಯ ವೇಳೆ. ವಾರ್ಡಿನ ತುಂಬ ಜನ. ಆಲಿವ್ ಬಿಡಿಸಿ ಬೆರಳು ಕಪ್ಪಾದ ಹೆಂಗಸರು, ಮಂಚದ ಕೆಳಗೆ ಅಡಗುವ ಮಕ್ಕಳು. ಆ ದಿನವೇ ಮಿಸ್ ಇಬ್ತಿಹಾಲ್ ನನ್ನ ಪರೀಕ್ಷೆ ಇಟ್ಟುಕೊಂಡಿದ್ದರು. ಗದ್ದಲದಲ್ಲೇ ಕೆಲಸ ಮಾಡಬೇಕು ಎನ್ನುವುದು ಅವರ ಪಾಠ. ಉಮ್ ಸುಹೈಬಳಿಗೆ ಹೊಸ ಡ್ರಿಪ್ ಹಾಕಿ ಹನಿ ಸರಿಪಡಿಸಬೇಕಿತ್ತು. ಗಡಿಯಾರ ಹಿಡಿದು ಹನಿ ಎಣಿಸುತ್ತಿದ್ದೆ. ಬೆನ್ನ ಹಿಂದೆ ಸಾಬೂನಿನ ವಾಸನೆ.

ಆಗ ಸುಹೈಬ್ ಒಬ್ಬ ತೆಳ್ಳನೆಯ ಮುದುಕಿಯನ್ನು ಮೊಣಕೈ ಹಿಡಿದು ಕರೆತಂದ. ಅವಳ ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಒಳಗೆ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನವಿರಬೇಕು, ನಿಂಬೆಯ ವಾಸನೆ ಬಂತು. ಅವಳು ಪಾತ್ರೆ ಕೆಳಗಿಟ್ಟು ಉಮ್ ಸುಹೈಬಳ ಹಣೆಗೆ ಮುತ್ತಿಟ್ಟು ಅಳತೊಡಗಿದಳು.

"ಅಕ್ಕಾ, ನನ್ನ ಮಾಫ್ ಮಾಡಿಬಿಡು. ನಾನು ಆಡಿದ್ದು, ಮಾಡಿದ್ದು, ಎಲ್ಲಾ ಮಾಫ್ ಮಾಡು. ಆಣೆ ಇಳಿಸ್ಕೊಂಡೇ ಬಂದಿದೀನಿ. ನಿನ್ನೆ ಮಸೀದಿ ಹತ್ರ ಹತ್ತು ಜನಕ್ಕೆ ಊಟ ಹಾಕಿಸ್ದೆ."

"ಹನಿ ಎಷ್ಟು?" ಎಂದರು ಮಿಸ್ ಇಬ್ತಿಹಾಲ್.

ಲೆಕ್ಕ ತಪ್ಪಿತ್ತು. ಮೊದಲಿನಿಂದ ಎಣಿಸಿದೆ. ಕಿವಿಯಲ್ಲಿ ನನ್ನದೇ ರಕ್ತದ ಸದ್ದು. ಅಳುವ ಹೆಂಗಸು, ಪಾತ್ರೆ, ಸುಹೈಬನ ಶೂ, ಎಲ್ಲ ನೀರಿನ ಆಚೆಗಿದ್ದಂತೆ ಕಾಣುತ್ತಿದ್ದವು. ಉಮ್ ಸುಹೈಬ್, "ಮಾಫ್ ಮಾಡಿದೀನಿ. ಏಳು," ಎಂದದ್ದು ಕೇಳಿಸಿತು. ಅದು ಅವಳ ದನಿಯಂತಿರಲಿಲ್ಲ. ಅದನ್ನೂ ಆಮೇಲೆ ನೆನಪಿಸಿಕೊಂಡೆ. ಆಗ ನಾನು ಹನಿಯನ್ನಷ್ಟೇ ನೋಡುತ್ತಿದ್ದೆ.

ಮಿಸ್ ಇಬ್ತಿಹಾಲ್ ಪೆನ್ನು ತೆಗೆಯದೆ ಹೊರಟುಹೋದರು. ಎಂದರೆ ಪಾಸು.

ಜನ ಕರಗಿದ ಮೇಲೆ ಉಮ್ ಸುಹೈಬ್ ನನ್ನನ್ನೇ ನೋಡುತ್ತಿದ್ದಳು. ಪಾತ್ರೆ ಹಾಗೆಯೇ ಇತ್ತು, ಗಂಟೂ ಬಿಚ್ಚಿರಲಿಲ್ಲ.

"ತಹಾನಿ, ನಿನ್ನ ಗಂಡ ಏನಾಗಿ ಹೋದ?"

ಗಂಡ ಸತ್ತಿದ್ದಾನೆಂದು ನಾನು ಅವಳಿಗೆ ಹೇಳಿರಲಿಲ್ಲ.

"ಪಿತ್ತಕೋಶದಲ್ಲಿ ಕಲ್ಲಿತ್ತು ಖಾಲಾ."

"ಕಲ್ಲಿಗೆ ಸಾಯ್ತಾರಾ?"

"ಸಾಯ್ತಾರೆ," ಎಂದೆ. ದಿಂಬು ಸರಿಮಾಡಿದೆ. ಅವಳು ಕಣ್ಣು ತೆಗೆಯಲಿಲ್ಲ.

ಶುಕ್ರವಾರ, ಶನಿವಾರದ ರಜೆ ಮುಗಿಸಿ ಭಾನುವಾರ ಬಂದಾಗ ಸುಹೈಬನ ಕೂಗು ಮೆಟ್ಟಿಲಿಗೇ ಕೇಳುತ್ತಿತ್ತು.

"ಯಾರು ಹೇಳಿದ್ದು? ನಂಗೆ ಹೆಸರು ಬೇಕು! ನಮ್ಮಮ್ಮ ಇವತ್ತು ಏನಂದ್ರು ಗೊತ್ತಾ? ನನ್ನ ನಿಮ್ಮಪ್ಪನ ಪಕ್ಕ ಹೂಳ್ಬೇಡ, ನಮ್ಮಮ್ಮನ ಪಕ್ಕ ಹೂಳು ಅಂದ್ರು. ಹುಣ್ಣು ಇರೋಳು ಗೋರಿ ಮಾತಾಡ್ತಾಳಾ? ಯಾರೋ ಹೇಳಿದಾರೆ!"

ಹಿರಿಯ ನರ್ಸು ಅವನನ್ನು ಸಮಾಧಾನ ಮಾಡುತ್ತ ಒಂದೇ ಮಾತು ಹೇಳುತ್ತಿದ್ದಳು. "ನಮ್ಮವರು ಹೇಳಲ್ಲಪ್ಪ. ನಮ್ಮವರಿಗೆ ಗೊತ್ತು. ಕಲಿಯೋ ಹುಡುಗೀರಿದಾರೆ ನೋಡು." ಆಸ್ಪತ್ರೆಯಲ್ಲಿ ಏನು ಕಳೆದರೂ, ಏನು ಒಡೆದರೂ, ಕಲಿಯುವ ಹುಡುಗಿಯರು ಇರುತ್ತಾರೆ.

ಮಿಸ್ ಇಬ್ತಿಹಾಲ್ ನಮ್ಮ ಆರು ಜನರನ್ನು ಬಟ್ಟೆಗಳಿಡುವ ಕೋಣೆಗೆ ಕರೆದು ಬಾಗಿಲು ಹಾಕಿದರು. ಸುತ್ತ ಮಡಚಿಟ್ಟ ಬಿಳಿ ಹೊದಿಕೆಗಳು. ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ, ಆದರೆ ಎಲ್ಲರೂ ನೋಡುತ್ತಿದ್ದರು.

"ಉಮ್ ಸುಹೈಬ್ ಯಾರ ರೋಗಿ?"

"ನನ್ನ."

"ಹೇಳಿದ್ಯಾ?"

"ಇಲ್ಲ ಮಿಸ್."

"ಬಾಯಲ್ಲೇ ಹೇಳ್ಬೇಕು ಅಂತೇನಿಲ್ಲ. ಮುಖಾನೂ ಹೇಳುತ್ತೆ." ನನ್ನ ಕಡೆ ಒಂದು ಹೆಜ್ಜೆ ಬಂದರು. "ಈ ವರ್ಷದ ಶುರುವಲ್ಲಿ ತರಗತೀಲಿ ನೀನು ಏನೋ ಹೇಳಿದ್ಯಂತೆ. ರೋಗಿಯಿಂದ ಮುಚ್ಚಿಡೋದು ತಪ್ಪು ಅಂತ. ಅವನ ಸಾವನ್ನ ಅವನಿಗೆ ಕೊಡದೆ ಬೇರೆಯವರು ಹಂಚ್ಕೋತಾರೆ ಅಂತ."

ಹೇಳಿದ್ದೆ. ಐಹಮ್ ಹೋಗಿ ಆಗ ಕೆಲವೇ ತಿಂಗಳಾಗಿತ್ತು. ಅವನು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದ. ಅವನಿಗೆ ಕಲ್ಲು ಎಂದು ಹೇಳಿದವಳು ನಾನು. ಹೇಳಿಸಿದವರು ಅವನ ಮನೆಯವರು. ಅವನು ಸರಿ ಎಂದಿದ್ದ.

ಆದರೆ ಆ ತರಗತಿ ತೆಗೆದುಕೊಂಡಿದ್ದವರು ಬೇರೆ ಅಧ್ಯಾಪಕರು. ಈ ಕೋಣೆಯಲ್ಲಿದ್ದವರಲ್ಲಿ ಆ ದಿನ ನನ್ನ ಜೊತೆ ಕೂತಿದ್ದವಳು ಲುಬ್ನಾ ಒಬ್ಬಳೇ. ಅವಳು ನೆಲ ನೋಡುತ್ತಿದ್ದಳು.

"ಸುಹೈಬ್ ದೂರು ಕೊಡ್ತೀನಿ ಅಂತಿದಾನೆ. ನಾಳೆ ಬೆಳಿಗ್ಗೆವರೆಗೆ ತಡೆದಿದೀನಿ. ಅಲ್ಲೀವರೆಗೂ ನೀನು ಆ ಮಂಚದ ಹತ್ರ ಹೋಗ್ಬೇಡ. ಲುಬ್ನಾ ನೋಡ್ಕೋತಾಳೆ."

ಆ ಇಡೀ ದಿನ ನಾನು ಎಲ್ಲರನ್ನೂ ಅನುಮಾನಿಸಿದೆ. ಕಿರಿಯ ವೈದ್ಯ ರೋಗಿಗೆ ತಿಳಿಯದಿರಲೆಂದು ಮಂಚದ ಬಳಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಮುದುಕಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಅವನಿಗೆ ಹೇಳಿದವರು ಯಾರು? ಹಿರಿಯ ನರ್ಸು ಯಾಕೆ ಅಷ್ಟು ಬೇಗ ನಮ್ಮ ಕಡೆ ಬೆರಳು ತೋರಿಸಿದಳು? ನೆಲ ಒರೆಸುವವಳು ಉಮ್ ಸುಹೈಬಳ ಮಂಚದ ಕೆಳಗೆ ಯಾಕೆ ಅಷ್ಟು ಹೊತ್ತು ಒರೆಸುತ್ತಾಳೆ? ಗುಂಪಿನ ಹುಡುಗಿಯರು ನಾನು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದರು. ನಾನಿಲ್ಲದಾಗ ಏನು ಆಡುತ್ತಿದ್ದರು ಎನ್ನುವುದು ಗೊತ್ತಿದ್ದಂತೆಯೇ ಅನ್ನಿಸುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಅನುಮಾನ ನನ್ನ ಮೇಲೆಯೇ. ಶೌಚಾಲಯಕ್ಕೆ ಹೋಗಿ ಕನ್ನಡಿಯ ಎದುರು ನಿಂತು, "ಹುಣ್ಣು ಖಾಲಾ, ಬರೀ ಹುಣ್ಣು," ಎಂದು ಹೇಳಿ ನೋಡಿದೆ. ಮುಖದಲ್ಲಿ ಏನಾದರೂ ಅಲುಗುತ್ತದೆಯೇ ಎಂದು ಕಾದೆ. "ಕಲ್ಲು," ಎಂದು ಹೇಳಿ ನೋಡಿದೆ. ಅದು ನನಗೆ ಚೆನ್ನಾಗಿ ಅಭ್ಯಾಸವಾದ ಮಾತು. ಒಳಗಿನ ಬಾಗಿಲು ತೆರೆದು ಲುಬ್ನಾ ಹೊರಬಂದಳು. ಕಣ್ಣಲ್ಲಿ ನೀರು, ಗಲ್ಲ ಒದ್ದೆ. ಕೇಳಿಸಿಕೊಂಡಿದ್ದಳು. ನಲ್ಲಿ ತಿರುಗಿಸಿ ಬಾಯಿ ತೊಳೆದಳು.

ಊಟದ ಬಿಡುವಿನಲ್ಲಿ ಆಸ್ಪತ್ರೆ ಎದುರಿನ ಫಲಾಫೆಲ್ ಅಂಗಡಿಯ ಮೆಟ್ಟಿಲ ಮೇಲೆ ಅವಳನ್ನು ಹಿಡಿದೆ. ಅವಳ ಕೈಯಲ್ಲಿದ್ದ ರೊಟ್ಟಿ ಕಚ್ಚದೆ ಹಾಗೇ ಇತ್ತು.

"ಮಿಸ್‌ಗೆ ನೀನೇ ಹೇಳಿದ್ದು."

"ಕೇಳಿದ್ರು, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ನನ್ನ ಗಂಡನ ವಿಷಯ ಆ ಮುದುಕಿಗೆ ಹೇಳಿದ್ದೂ ನೀನೇ."

"ಅವಳೇ ಕೇಳಿದ್ಲು ಕಣೇ! ನಿನ್ನ ಗೆಳತಿ ಯಾಕೆ ನಗಲ್ಲ ಅಂತ. ಗಂಡ ತೀರ್ಕೊಂಡಿದಾರೆ ಅಂದೆ. ಅಷ್ಟೇ."

"ಅಷ್ಟೇನಾ? ಉಳಿದಿದ್ದೂ ನಿನ್ನ ಬಾಯಿಂದಾನೇ ಬಿದ್ದಿದ್ರೆ?"

ಅವಳು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

"ನಾನೇನೂ ಹೇಳಿಲ್ಲ. ನಂಬಿದ್ರೆ ನಂಬು, ಬಿಟ್ರೆ ಬಿಡು. ದಿನಾ ವಾಂತಿ ಮಾಡೋಳು ನಾನು. ಕತ್ತರಿ ಹಿಡಿದ್ರೆ ನಡುಗೋಳು ನಾನು. ಬೆಳಿಗ್ಗೆ ನೀನು ಬರೋ ಮುಂಚೆ ಮಿಸ್ ಕೇಳ್ದಾಗ ಒಂದೇ ಅನ್ನಿಸ್ತು, ಒಬ್ರು ಹೋಗ್ಲೇಬೇಕು ಅಂದ್ರೆ ಅದು ನಾನಾಗಬಾರದು. ಅದಕ್ಕೇ ಹೇಳ್ದೆ. ನಿನಗೂ ಹಾಗೇ ಅನ್ನಿಸಿರುತ್ತೆ. ಇಲ್ಲ ಅನ್ನು ನೋಡೋಣ!"

ನನಗೂ ಹಾಗೆಯೇ ಅನ್ನಿಸಿತ್ತು. ನೆಲ ಒರೆಸುವವಳ ಹೆಸರು ಹೇಳಿದರೆ ಹೇಗೆ ಎಂದೂ ಅನ್ನಿಸಿತ್ತು.

ಮಧ್ಯಾಹ್ನದ ಮೇಲೆ ಲುಬ್ನಾ ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಮುದುಕಿ ನಿನ್ನ ಕರೀತಿದಾಳೆ. ಬೇರೆ ಯಾರ ಕೈಲೂ ಡ್ರಿಪ್ ಮುಟ್ಟಿಸ್ಕೊಳ್ಳಲ್ವಂತೆ. ಮಿಸ್ ಊಟಕ್ಕೆ ಹೋಗಿದಾರೆ. ಹೋಗು, ನಾನಿಲ್ಲಿ ನಿಂತಿರ್ತೀನಿ."

ಇದೂ ಬಲೆಯೇನೋ ಎಂದು ಅವಳ ಮುಖ ನೋಡಿದೆ. ಹೋಗಬೇಡ ಎಂದ ಕಡೆಗೆ ಕಳಿಸಿ, ಮಿಸ್ ಇಬ್ತಿಹಾಲರನ್ನು ಕರೆತಂದರೆ? ಅವಳಿಗೆ ನನ್ನ ಯೋಚನೆ ಅರ್ಥವಾಗಿರಬೇಕು. ತುಟಿ ಕಚ್ಚಿಕೊಂಡು ಬೆನ್ನು ತಿರುಗಿಸಿ ನಿಂತಳು. ನಾನು ಪರದೆಯೊಳಗೆ ಹೋದೆ.

ಉಮ್ ಸುಹೈಬ್ ಮೂರು ದಿನದಲ್ಲಿ ಇಳಿದುಹೋಗಿದ್ದಳು. ಕಣ್ಣು ಮಾತ್ರ ಹಾಗೆಯೇ ಇತ್ತು.

"ನಿನ್ನ ಮೇಲೆ ಹಾಕಿದಾರಂತೆ."

"ಹೌದು ಖಾಲಾ."

"ನಿನ್ನ ಬಾಯಿಂದ ಒಂದು ಮಾತೂ ಬಿದ್ದಿಲ್ಲ. ನಂಗೆ ಗೊತ್ತು."

"ನನ್ನ ಮುಖ ನೋಡಿ ತಿಳ್ಕೊಂಡ್ರಾ?"

"ನಿನ್ನ ಮುಖಾನಾ?" ಅವಳಿಗೆ ನಗು ಬಂತು. ನಕ್ಕರೆ ನೋಯುತ್ತಿತ್ತು. "ಬಾಗಿಲು ಹಾಕಿದ ಅಂಗಡಿ ಅದು. ಅದ್ರಲ್ಲಿ ಏನು ಕಾಣುತ್ತೆ, ಮಣ್ಣು?"

"ಮತ್ತೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹತ್ತು ಜನಕ್ಕೆ ಊಟ ಹಾಕಿಸಿದಾಳಂತಲ್ಲ, ನನ್ನ ವಾರಗಿತ್ತಿ! ಹುಣ್ಣಿಗೆ ಹತ್ತು ಜನಕ್ಕೆ ಊಟ ಹಾಕ್ತಾಳಾ ಉಮ್ ರಶೀದ್? ಹುಣ್ಣಿಗೆ ಅವಳು ಒಂದು ಬೆಕ್ಕಿಗೂ ಹಾಕಲ್ಲ." ಉಸಿರು ತೆಗೆದುಕೊಂಡಳು. "ನನ್ನ ಹೆಣ ತೊಳೆಯೋ ದಿನದವರೆಗೂ ಅಂತ ಆಣೆ ಇಟ್ಟೋಳು. ಆ ದಿನ ಹತ್ರ ಬಂದಿದೆ ಅಂತ ಗೊತ್ತಾಗದೆ ಬರ್ತಾಳಾ? ಅವಳು ನನ್ನ ಹಣೆಗೆ ಮುತ್ತಿಟ್ಲಲ್ಲ, ಆಗ್ಲೇ ತಿಳೀತು."

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಹನಿ ಎಣಿಸುತ್ತ ನಾನು ಕೇಳಿಸಿಕೊಳ್ಳದೆ ಬಿಟ್ಟದ್ದು ಇದನ್ನೇ. ನಾನು ಅಲ್ಲೇ ಇದ್ದೆ. ಮಿಸ್ ಇಬ್ತಿಹಾಲರೂ ಇದ್ದರು. ಎಲ್ಲರ ಎದುರಿಗೇ ಉಮ್ ರಶೀದ್ ಹೇಳಿ ಮುಗಿಸಿದ್ದಳು.

"ನಿಮ್ಮ ಮಗನಿಗೆ ಹೇಳಿಬಿಡಿ ಖಾಲಾ. ಹೀಗೇ ಹೇಳಿ."

"ಏನಂತ ಹೇಳ್ಲಿ? ನೀನೇ ಅವಳನ್ನ ಕರ್ಕೊಂಡು ಬಂದೆ, ನಿನ್ನಿಂದಾನೇ ತಿಳೀತು ಅಂತಾನಾ? ಅವಳ ಮೆಟ್ಟಿಲು ಹತ್ತಿ, ಕಾಲು ಹಿಡಿದು ಕರ್ಕೊಂಡು ಬಂದಿದಾನೆ, ನಾವಿಬ್ರೂ ಒಂದಾಗ್ಲಿ ಅಂತ. ಇದು ಗೊತ್ತಾದ್ರೆ ಅವನು ಬದುಕಿರೋವರೆಗೂ ತನ್ನನ್ನೇ ತಿಂದ್ಕೋತಾನೆ. ನೀನೂ ಹೇಳ್ಬಾರದು."

"ನನ್ನ ವರ್ಷ ಹೋಗುತ್ತೆ."

"ಗೊತ್ತು," ಎಂದು ಕಣ್ಣು ಮುಚ್ಚಿದಳು.

ಅವಳ ಪ್ರೀತಿಯ ಮೇಲೂ ಅನುಮಾನ ಬಂತು. ನನ್ನ ಕೈ ಬಿಸಿ ಮಾಡಿಸಿದ್ದು, ಮನೆಯ ಕಥೆ ಹೇಳಿದ್ದು, ಎಲ್ಲ ಮಗನ ಮುಂದೆ ಏನೂ ಅಲ್ಲ. ಆಗುವುದೂ ಹಾಗೆಯೇ. ಡ್ರಿಪ್ ಸರಿಮಾಡಿ ಹೊರಬಂದೆ. ಲುಬ್ನಾ ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಹಿರಿಯ ನರ್ಸಿನ ಕೋಣೆಯಲ್ಲಿ ಮಿಸ್ ಇಬ್ತಿಹಾಲ್, ಸುಹೈಬ್, ನಾನು. ಸುಹೈಬನ ಬೆರಳು ನನ್ನ ಮುಖದತ್ತ ಇತ್ತು.

"ಇವಳೇ. ನಂಗೆ ಮೊದಲ ದಿನವೇ ಅನ್ನಿಸಿತ್ತು. ಮುಖ ನೋಡಿ! ಸಾವಿನ ಮನೆಯಿಂದ ಎದ್ದು ಬಂದ ಹಾಗಿದೆ. ಇಂಥೋಳನ್ನ ರೋಗಿಗಳ ಹತ್ರ ಬಿಡ್ತಾರಾ?"

"ತಹಾನಿ, ಹೇಳೋದಿದ್ರೆ ಈಗ ಹೇಳು," ಎಂದರು ಮಿಸ್ ಇಬ್ತಿಹಾಲ್.

ಒಂದು ವಾಕ್ಯ ಸಾಕಿತ್ತು. ಹತ್ತು ಜನರ ಊಟ ಎಂದರೆ ಸಾಕಿತ್ತು, ಉಳಿದದ್ದು ಅವನಿಗೇ ಹೊಳೆಯುತ್ತಿತ್ತು. ಮಾತು ನಾಲಿಗೆಯ ಮೇಲಿತ್ತು. ಹಿಂದಿನ ಕೋಣೆ ಕಣ್ಣಿಗೆ ಬಂತು, ಗೋಡೆಗೆ ತೆರೆಯುವ ಕಿಟಕಿ. ಸುಹೈಬನ ಕೈ ನೋಡಿದೆ. ಕಾರಿನ ಕೀಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳು ಬೆಳ್ಳಗಾಗಿದ್ದವು. ಐಹಮ್ ಆಸ್ಪತ್ರೆಯಲ್ಲಿದ್ದಾಗ ಮನೆಯ ಬೀಗದ ಕೈ ನನ್ನ ಅಂಗೈಯಲ್ಲಿ ಹೀಗೇ ಗುರುತು ಮಾಡಿತ್ತು.

"ನಿಮ್ಮಮ್ಮನ್ನೇ ಕೇಳಿ," ಎಂದೆ.

"ಏನಂತ ಕೇಳ್ಲಿ? ಕೇಳಿದ್ರೆ ನಾನೇ ಹೇಳ್ದಂಗಾಗಲ್ವಾ?"

ಮಿಸ್ ಇಬ್ತಿಹಾಲ್ ಎದ್ದರು. "ನಡೀರಿ. ಏನು ಕೇಳ್ಬೇಕು ಅಂತ ದಾರೀಲಿ ಯೋಚನೆ ಮಾಡಿ," ಎಂದರು.

ಉಮ್ ಸುಹೈಬ್ ದಿಂಬಿಗೆ ಒರಗಿ ಕೂತಿದ್ದಳು. ತಲೆವಸ್ತ್ರ ನೀಟಾಗಿ ಕಟ್ಟಿಕೊಂಡಿದ್ದಳು. ಲುಬ್ನಾ ಕಟ್ಟಿದ್ದಿರಬೇಕು. ನಾವು ಬರುವುದು ಅವಳಿಗೆ ಗೊತ್ತಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ.

"ಏನಿದು, ಎಲ್ರೂ ಮೆರವಣಿಗೇಲಿ ಬಂದಿದೀರಿ? ಮದುವೆ ಯಾರ್ದು?"

"ಅಮ್ಮ..." ಸುಹೈಬನ ದನಿ ಇಳಿದಿತ್ತು. "ನಿನ್ನೆ ಆ ಮಾತು ಯಾಕಾಡ್ದೆ? ಅಪ್ಪನ ಪಕ್ಕ ಬೇಡ ಅಂತ."

"ಅಯ್ಯೋ, ಅದಕ್ಕಾ? ಕನಸು ಬಿತ್ತು ಕಣೋ. ನಿಮ್ಮಪ್ಪ ಪಕ್ಕದಲ್ಲಿ ಮಲಗಿ ಗೊರಕೆ ಹೊಡೀತಿದ್ರು. ಬದುಕಿದ್ದಾಗಂತೂ ನಿದ್ದೆ ಕೊಡ್ಲಿಲ್ಲ, ಅಲ್ಲೂ ಗೊರಕೇನಾ ಅನ್ನಿಸ್ತು. ಬೆಳಿಗ್ಗೆ ಎದ್ದು ನಿನ್ನ ಹತ್ರ ಅಂದೆ. ಹುಣ್ಣಿರೋರಿಗೆ ಕನಸು ಬೀಳ್ಬಾರದಾ?"

"ಯಾರೂ ನಿಂಗೆ ಏನೂ ಹೇಳಿಲ್ವಾ?"

"ಏನು ಹೇಳ್ಬೇಕಿತ್ತು?"

ಅವಳು ಮಗನನ್ನು ನೇರವಾಗಿ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ.

"ಏನಿಲ್ಲ. ಏನೂ ಇಲ್ಲ."

"ಈ ಹುಡುಗಿ ಮಾತ್ರ ಹುಣ್ಣು ಹುಣ್ಣು ಅಂತ ನನ್ನ ತಲೆ ತಿಂತಾಳೆ," ಎಂದು ನನ್ನ ಕಡೆ ಗಲ್ಲ ತಿರುಗಿಸಿದಳು. "ಖಾರ ತಿನ್ಬೇಡಿ, ಕಾಫಿ ಕುಡೀಬೇಡಿ. ಇವಳ ಕಾಟ ತಡೆಯಕ್ಕಾಗಲ್ಲಪ್ಪ. ಹೋಗು, ಏಲಕ್ಕಿ ಹಾಕಿದ ಕಾಫಿ ಒಂದು ಗುಟುಕು ತಂದ್ಕೊಡು. ಇವಳು ನೋಡದೇ ಇರೋ ಹಾಗೆ ತಾ."

ಸುಹೈಬ್ ನಕ್ಕ. ನಗುತ್ತಲೇ ಮುಖ ಒರೆಸಿಕೊಂಡ. ಅವಳ ಕೈಗೆ ಮುತ್ತಿಟ್ಟು, ನನ್ನ ಕಡೆ ನೋಡದೆ, "ತಪ್ಪಾಯ್ತು ತಂಗಿ," ಎಂದು ಹೊರಗೆ ಹೋದ.

ಅವನು ನಂಬಿದನೋ, ನಂಬಬೇಕೆಂದು ನಂಬಿದನೋ, ಹೇಳಲಾರೆ. ಮಿಸ್ ಇಬ್ತಿಹಾಲ್ ನಂಬಲಿಲ್ಲ. ಅವರು ಮುದುಕಿಯನ್ನು ನೋಡಿದರು, ಮಂಚದ ಕೆಳಗಿದ್ದ, ಇನ್ನೂ ಗಂಟು ಬಿಚ್ಚದ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಡ್ರಿಪ್ ನಿಧಾನ ಆಗಿದೆ. ನೋಡ್ಕೋ," ಎಂದರು. ಪೆನ್ನು ಜೇಬಿನಲ್ಲೇ ಇತ್ತು. ಸದ್ದಿಲ್ಲದೆ ಹೊರಟುಹೋದರು.

ಆ ಮಂಚ ಮತ್ತೆ ನನ್ನದಾಯಿತು. ಮುಚ್ಚಿಡುವುದು ತಪ್ಪು ಎಂದಿದ್ದವಳು ನಾನು. ನನ್ನ ವರ್ಷವನ್ನು ಉಳಿಸಿದ್ದು ಆ ಮುಚ್ಚಿಡುವುದೇ. ಗಡಿಯಾರ ತೆಗೆದು ಹನಿ ಎಣಿಸಲು ನಿಂತೆ.

"ಹತ್ರ ಬಾ," ಎಂದಳು ಉಮ್ ಸುಹೈಬ್. ಈಗ ಅವಳ ದನಿಯಲ್ಲಿ ಶಕ್ತಿಯಿರಲಿಲ್ಲ. ನಾಟಕದಲ್ಲಿ ಎಲ್ಲ ಖರ್ಚಾಗಿತ್ತು. "ಒಂದು ಕೇಳ್ತೀನಿ. ನಿನ್ನ ಗಂಡನಿಗೆ ಕಲ್ಲು ಅಂತ ಹೇಳಿದ್ದು ನೀನೇನಾ?"

"ಹೌದು."

"ನಂಬಿದ್ನಾ?"

"ನಂಬಿದ್ರು."

ಅವಳು ನನ್ನ ತಣ್ಣನೆಯ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಉಜ್ಜಿದಳು.

"ನಂಬಿರ್ತಾನೆ ಬಿಡು ಮಗಳೇ," ಎಂದಳು. "ನಂಬದೆ ಏನು."

ಗೊರಕೆಯ ಕನಸನ್ನೂ ಅವಳು ಇಷ್ಟೇ ಸಲೀಸಾಗಿ ಹೇಳಿದ್ದಳು.

ಆ ಸಂಜೆ ಬಸ್ಸಿನಲ್ಲಿ ಲುಬ್ನಾ ನನ್ನ ಪಕ್ಕದಲ್ಲೇ ಕೂತಳು. ಪುದೀನ ಗುಳಿಗೆಯ ಡಬ್ಬಿ ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಅವಳು ಏನೋ ಮಾತಾಡುತ್ತಿದ್ದಳು, ನಾಳೆಯ ಪರೀಕ್ಷೆಯ ವಿಷಯ. ನಾನು ಕಿಟಕಿಯಿಂದ ತಾರಸಿಗಳನ್ನು ನೋಡುತ್ತಿದ್ದೆ. ಒಂದೊಂದರ ಮೇಲೂ ಬಿಳಿಯ ನೀರಿನ ಟ್ಯಾಂಕುಗಳು.

ನಾನು ಕಲ್ಲು ಎಂದು ಹೇಳಿದ ಮೇಲೆ, ಅವನು ಆಸ್ಪತ್ರೆ ಸೇರುವ ಮುಂಚೆ, ಒಂದು ನೀರು ಬರುವ ದಿನ, ಐಹಮ್ ನನ್ನನ್ನು ತಾರಸಿಗೆ ಕರೆದಿದ್ದ. ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ನಡುವೆ ಎರಡು ಸಲ ಕೂತ. ನನಗೆ ಅಡುಗೆಮನೆಯಲ್ಲಿ ಕೆಲಸವಿತ್ತು, ಸಿಡುಕಿದೆ. ಅವನು ನನ್ನ ಕೈಯನ್ನು ವಾಲ್ವಿನ ಮೇಲಿಟ್ಟು ಎಷ್ಟು ತಿರುಗಿಸಬೇಕೆಂದು ತೋರಿಸಿದ. ಸಾಲದೆಂದು ಎರಡನೇ ಸಲ ನನ್ನಿಂದಲೇ ತಿರುಗಿಸಿ ನೋಡಿದ.

"ಇದೆಲ್ಲ ನಂಗ್ಯಾಕೆ?" ಎಂದು ಕೇಳಿದ್ದೆ.

"ನಾನು ಊರಲ್ಲಿ ಇಲ್ದೇ ಇದ್ದಾಗ ಬೇಕಾಗುತ್ತಲ್ಲ," ಎಂದಿದ್ದ.

ಅವನು ಯಾವತ್ತೂ ಊರು ಬಿಟ್ಟು ಹೋಗುತ್ತಿದ್ದವನಲ್ಲ.